ಪುಂಡಿಪಲ್ಯದಕ್ಕನ ಗಂಡ

ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಬಾಯಿ ಬಿಡುವುದಿಲ್ಲ. ನಾನು ಪಟ್ಟಿದ್ದೇನೆ, ಈಗಲೂ ಪಡುತ್ತಿದ್ದೇನೆ.

ಹುಮನಾಬಾದಿನ ಹೊರಗೆ, ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ನಮ್ಮ ಯೂನಿಟ್ಟನ್ನೇ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಿದರು. ಮೊದಮೊದಲು ಗೇಟಿನ ಮುಂದೆ ನಿಂತು ಯೂನಿಯನ್ನು, ಕೋರ್ಟು ಎಂದೆಲ್ಲ ಮಾತಾಡಿದೆವು. ಆಮೇಲೆ ಹೊಟ್ಟೆ ಮಾತಾಡತೊಡಗಿತು. ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ತಿರುಗುತ್ತಿದ್ದವನು ಮನ್ನಾಏಖೇಳ್ಳಿಯ ಧಾಬಾದಲ್ಲಿ ಗಲ್ಲಾ ಮೇಲೆ ಕೂತ. ಫಿಟ್ಟರ್ ಆಗಿದ್ದವನು ಬಾಡಿಗೆಗೆ ಆಟೋ ಹಿಡಿದ. ನಾನು ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಚೀಲ ಹೊರಲು ಹೋದೆ. ಚೀಲ ಇಲ್ಲದ ದಿನ ಶಾದಿಮಹಲಿನಲ್ಲಿ ಕುರ್ಚಿ ಹಾಕಿದೆ, ಅದೂ ಇಲ್ಲದ ದಿನ ಮನೆಯಲ್ಲಿ ಕೂತು ಗೋಡೆ ನೋಡಿದೆ. ಕಾಲೇಜಿಗೆ ಹೋಗುವ ಮಗಳು ಓಣಿಯವರ ಸೀರೆಗಳಿಗೆ ಫಾಲ್ ಹಚ್ಚತೊಡಗಿದಳು.

ನಮ್ಮೆಲ್ಲರಿಗಿಂತ ಗಟ್ಟಿ ಕೆಲಸ ಸಿಕ್ಕಿದ್ದು ನನ್ನ ಹೆಂಡತಿಗೆ. ಬಸವಕಲ್ಯಾಣದಲ್ಲಿ, ಯಾತ್ರೆಗೆ ಬರುವವರಿಗೆ ಊಟ ಹಾಕುವ ಒಂದು ದೊಡ್ಡ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಅವಳ ತವರು ಘಾಟಬೋರಾಳ, ಒಕ್ಕಲುತನದ ಮನೆ. ಜೋಳದ ಹಿಟ್ಟು ಅವಳ ಮಾತು ಕೇಳುತ್ತದೆ, ನನ್ನ ಮಾತು ಯಾರೂ ಕೇಳುವುದಿಲ್ಲ.

ಮೊದಲ ಕಿಚ್ಚು ಹತ್ತಿದ್ದು ಬಸ್‌ಸ್ಟ್ಯಾಂಡಿನಲ್ಲೇ. ಬೆಳಿಗ್ಗೆ ಅವಳನ್ನು ಬಿಡಲು ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ಅದೇ ಖಾನಾವಳಿಗೆ ಹೋಗುವ ನಾಲ್ಕು ಹೆಣ್ಣುಮಕ್ಕಳು "ಅಕ್ಕಾ, ಜಲ್ದಿ ಬಾ, ಸೀಟ್ ಹಿಡದೀವಿ" ಎಂದು ಕೂಗಿದರು. ಇವಳು ನಗುತ್ತ ಓಡಿದಳು. ಆ ನಗೆಯನ್ನು ನಾನು ನಮ್ಮ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಬಸ್ಸು ಹೊರಟಾಗ ತಿರುಗಿಯೂ ನೋಡಲಿಲ್ಲ.

ಸಂಜೆಯ ಮಾತೂ ಅವಳದೇ ಆಯಿತು. ಮೊದಲು ನಾನು ಕಂಪನಿಯ ಸುದ್ದಿ ತರುತ್ತಿದ್ದೆ, ಅವಳು ಹೂಂ ಹೂಂ ಅನ್ನುತ್ತಿದ್ದಳು. ಈಗ ಅವಳು ತರುತ್ತಾಳೆ. ರಾಜೇಶ್ವರದಲ್ಲಿ ಬಸ್ ಹತ್ತಿದ ಮುದುಕಿಯೊಬ್ಬಳು ಕೋಳಿಗೂ ಫ್ರೀ ಟಿಕೆಟ್ ಕೇಳಿದಳಂತೆ. "ಇದೂ ಹೆಣ್ಣ ಅದ ನೋಡಪಾ" ಅಂದಳಂತೆ ಕಂಡಕ್ಟರನಿಗೆ. ಮಗಳು ಬಿದ್ದು ಬಿದ್ದು ನಕ್ಕಳು. ಗಂಜಿನ ಚೀಲಗಳ ಬಗ್ಗೆ ನಾನು ಏನು ನಗಿಸಲಿ? ನಾನೂ ಹೂಂ ಅಂದೆ.

ಅವಳು ನಸುಕಿನಲ್ಲೇ ಹೊರಡುತ್ತಿದ್ದಳು, ಗಂಜಿನ ಕೆಲಸ ಹೊತ್ತು ಏರಿದ ಮೇಲೆ. ಹಾಗಾಗಿ ಅವಳ ಡಬ್ಬಿ ಕಟ್ಟುವುದು ನನ್ನ ಪಾಲಿಗೆ ಬಂತು. ರೊಟ್ಟಿ ಅಲ್ಲೇ ಸಿಗುತ್ತದೆ, ಜೊತೆಗೊಂದು ಪಲ್ಯ ಆದರೆ ಸಾಕು. ನಾನು ಪುಂಡಿಪಲ್ಯಕ್ಕೆ ಕೈ ಹಾಕಿದೆ. ಬಾಯ್ಲರಿನ ಮುಂದೆ ವರ್ಷಗಟ್ಟಲೆ ಉರಿ ಕಾದವನಿಗೆ ಗ್ಯಾಸ್ ಒಲೆ ಏನು ಮಹಾ? ಪುಂಡಿಯ ಹುಳಿ ಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ. ಸಣ್ಣ ಉರಿಯಲ್ಲಿ ಬಿಟ್ಟು ಬಿಟ್ಟು ಬೇಯಿಸಿ, ಬಳ್ಳೊಳ್ಳಿ ಕೆಂಪಗೆ ಮಾಡಿ ಒಗ್ಗರಣೆ ಕೊಟ್ಟೆ. ಮೊದಲ ದಿನವೇ ಡಬ್ಬಿ ತೊಳೆದಂತೆ ಖಾಲಿಯಾಗಿ ಬಂತು. ಕೆಲವು ದಿನ ಆದ ಮೇಲೆ ಅವಳು ದೊಡ್ಡ ಡಬ್ಬಿ ತಂದಿಟ್ಟು "ಎಲ್ಲಾರೂ ಕೇಳ್ತಾರ್ರಿ, ಜರಾ ಜಾಸ್ತಿ ಹಾಕ್ರಿ" ಅಂದಳು.

ನನ್ನ ಎದೆ ಉಬ್ಬಿತು. ಕೆಲಸ ಹೋದ ಮೇಲೆ ಮೊದಲ ಸಲ ಯಾರಿಗೋ ನಾನು ಬೇಕಾಗಿದ್ದೆ. ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳೆಲ್ಲ ಕೂಡಿ "ನಿನ್ನ ಗಂಡ ಭಾರಿ ಮನಷ್ಯಾ ಬಿಡವಾ" ಅನ್ನುತ್ತಿರಬೇಕು ಎಂದುಕೊಂಡು ಬಳ್ಳೊಳ್ಳಿ ಇನ್ನೂ ನಾಲ್ಕು ಎಸಳು ಹೆಚ್ಚು ಹಾಕಿದೆ.

ಒಮ್ಮೆ ಗಂಜಿನಿಂದ ಅದೇ ಖಾನಾವಳಿಗೆ ಜೋಳದ ಚೀಲ ಹೊರಟವು. ಟೆಂಪೋ ಹತ್ತಿ ನಾನೂ ಹೋದೆ. ಚೀಲ ಇಳಿಸುವಾಗ ಅವರ ಊಟದ ಹೊತ್ತು. ಸುತ್ತ ಕೂತು ನಡುವೆ ಡಬ್ಬಿಗಳನ್ನು ಬಿಚ್ಚಿಟ್ಟಿದ್ದರು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಡಬ್ಬಿಯಲ್ಲಿ ಏನು ತರುತ್ತಾರೋ ಅದೇ ಹೆಸರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತರುವವಳು ಹಿಂಡಿಯಕ್ಕ, ಮಾವಿನ ಉಪ್ಪಿನಕಾಯಿಯವಳು ಉಪ್ಪಿನಕಾಯಕ್ಕ. ನನ್ನವಳು ಪುಂಡಿಪಲ್ಯದಕ್ಕ!

ನಾನು ಅವಳ ಗಂಡ ಎಂದು ತಿಳಿದ ಕೂಡಲೇ ಹಿಂಡಿಯಕ್ಕ ಸೆರಗು ಸರಿಮಾಡಿಕೊಂಡು, "ಅಣ್ಣಾರ, ನೀವ್ ಭಾರಿ ಪುಣ್ಯಾ ಮಾಡೀರಿ ನೋಡ್ರಿ. ದಿನಾ ಇಂಥಾ ಕೈ ಅಡಗಿ ಉಣ್ಣಾಕ ನಸೀಬ ಬೇಕು" ಅಂದಳು. ನಾನು ಹೆಂಡತಿಯ ಮುಖ ನೋಡಿದೆ. ಅವಳು ರೊಟ್ಟಿ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಚೀಲ ಹೊತ್ತ ಬೆನ್ನಿಗಿಂತ ಹೊಟ್ಟೆ ಹೆಚ್ಚು ಉರಿಯಿತು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ, "ಗಂಡ ಅಡಗಿ ಮಾಡ್ತಾನಂತ ಹೇಳಾಕ ನಾಚಿಕಿ ಬಂತೇನು ನಿನಗ?"

"ನಾ ಮಾಡೀನಂತ ನಾ ಹೇಳೇ ಇಲ್ರಿ. ಅವರs ತಿಳಕೊಂಡಾರ. ನಾ ಸುಮ್ನ ಅದೀನಿ, ಅಷ್ಟ."

"ಸುಮ್ನ ಯಾಕ ಇದ್ದಿ?"

"ಇಷ್ಟ ವರ್ಷ ನಿಮಗ ಡಬ್ಬಿ ಕಟ್ಟೀನಿ. ಪಲ್ಯ ಚಲೋ ಅದ ಅಂದವರಿಗೆ ನೀವ್ ಏನ್ ಹೇಳಿದ್ರಿ?"

"ಏನ್ ಹೇಳೋದು? ಡಬ್ಬಿ ಅಂದ್ರ ಹೆಂಡತಿನೇ ಕಟ್ಟಿರ್ತಾಳಂತ ಎಲ್ಲಾರಿಗೂ ಗೊತ್ತಿರ್ತದ."

"ಹಾಂ, ಅಲ್ಲಿನೂ ಎಲ್ಲಾರಿಗೂ ಗೊತ್ತದ" ಎಂದು ಕಾಲು ತೊಳೆಯಲು ಹೋದಳು. ತಿರುಗಿ ಬಂದಾಗ ಅವಳ ದನಿ ಇಳಿದಿತ್ತು. "ದಿನಾ ಬಡದ ರೊಟ್ಟಿ ಎಲ್ಲಾರದೂ ಒಂದೇ ಬುಟ್ಟ್ಯಾಗ ಬೀಳ್ತಾವ್ರಿ. ನನ್ನ ರೊಟ್ಟಿ ಯಾವುದು ಅಂತ ನನಗs ಗೊತ್ತಾಗಂಗಿಲ್ಲ. ಅಲ್ಲಿ ನಂದು ಅಂತ ಇರೋದು ಅದೊಂದ ಹೆಸರ."

ಅದನ್ನು ಕೇಳಿಯೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಪಲ್ಯ ನನ್ನದು, ಹೆಸರು ಅವಳದು. ಮರುದಿನವೂ ಡಬ್ಬಿ ಕಟ್ಟಿದೆ, ಮುಖ ಗಂಟು ಹಾಕಿಕೊಂಡು.

ಅಷ್ಟರಲ್ಲಿ ನನಗೆ ಇನ್ನೊಂದು ಕಂಪನಿಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು. ಬೆಳಗಿನ ಪಾಳಿ, ಅವಳಿಗಿಂತ ಮೊದಲೇ ಮನೆ ಬಿಡಬೇಕು. ಒಲೆ ಮತ್ತೆ ಅವಳ ಕೈಗೆ ಹೋಯಿತು. ವಾರ ಕಳೆದಿರಬೇಕು, ಒಂದು ಸಂಜೆ ಡಬ್ಬಿ ಅರ್ಧ ಉಳಿದೇ ಬಂತು.

"ಪುಂಡಿಪಲ್ಯದಕ್ಕಾ, ನಿನ್ನ ಕೈ ರುಚಿ ಎಲ್ಲಿ ಹೋತು ಅಂತ ಎಲ್ಲಾರೂ ಕೇಳಿದ್ರು" ಅಂದಳು.

ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಉಂಡೆ. ದೇವರು ಇದ್ದಾನೆ ಅಂದುಕೊಂಡೆ. ಅವಳು ಮಾತ್ರ ಮಗಳ ಹೊಲಿಗೆ ಮಷೀನಿನ ಪಕ್ಕ ಕೂತು ಪುಂಡಿಯ ಎಲೆ ಬಿಡಿಸುತ್ತಲೇ ಇದ್ದಳು. ಬಸ್ಸಿನ ಸುದ್ದಿ ಒಂದೂ ಹೇಳಲಿಲ್ಲ. ಮಗಳು ಕೆದಕಿ ಕೇಳಿದರೂ ಇಲ್ಲ.

"ನಾಳಿಂದ ಹಿಂಡಿ ಒಯ್ತೀನಿ" ಅಂದಳು ಕೊನೆಗೆ. "ಆದ್ರ ಹಿಂಡಿಯಕ್ಕ ಮೊದಲs ಒಬ್ಬಾಕಿ ಅದಾಳ. ನನಗ ಏನಂತ ಕರೀತಾರೋ."

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಅವಳ ಆ ನಗೆ ನೆನಪಾಯಿತು. ಅದರ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆನೋ, ಅದು ಇಲ್ಲದ ಮನೆಯಲ್ಲಿ ಕೂರುವುದು ಅಷ್ಟೇ ಕಷ್ಟವಾಯಿತು. ಮರುದಿನ ಎಂದಿಗಿಂತ ಮುಂಚೆ ಎದ್ದೆ. ಅವಳು ಬಿಡಿಸಿಟ್ಟ ಪುಂಡಿಯನ್ನು ಸಣ್ಣ ಉರಿಗೆ ಇಟ್ಟು, ಬೆಂದ ಮೇಲೆ ಎರಡು ಡಬ್ಬಿ ಕಟ್ಟಿ, ಒಂದನ್ನು ಅವಳ ಚೀಲದಲ್ಲಿಟ್ಟು ಪಾಳಿಗೆ ಹೋದೆ. ಈಗಲೂ ಹಾಗೇ ನಡೆದಿದೆ.

ಮೊನ್ನೆ ಕ್ಯಾಂಟೀನಿನಲ್ಲಿ ಪಕ್ಕದವನು ನನ್ನ ಡಬ್ಬಿಗೆ ಕೈ ಹಾಕಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ವೈನಿ ಕೈ ಭಾರಿ ಅದ ಬಿಡಪಾ!"

ನಾನೇ ಮಾಡಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೌದಪಾ," ಅಂದೆ, "ಬಸವಕಲ್ಯಾಣದಾಗ ಅಕಿಗೆ ಪುಂಡಿಪಲ್ಯದಕ್ಕ ಅಂತಾರ."

ಹೊಟ್ಟೆ ಉರಿಯಿತು. ಇನ್ನೊಂದಿಷ್ಟು ಪಲ್ಯ ಹಾಕಿಕೊಂಡು ಉಂಡೆ.