ಕೈಲಾಸವನ್ನು ಕೊರೆದವರು ಯಾರು

ನಾಸಿಕದಲ್ಲಿ ಇತಿಹಾಸ ಕಲಿಸಲು ಶುರುಮಾಡಿದ ಮೊದಲ ವರ್ಷವೇ ಒಬ್ಬ ತಾಯಿ ನನ್ನ ಮೇಲೆ ದೂರು ಹೇಳಲು ಶಾಲೆಗೆ ಬಂದರು. ಊರ ಹೊರಗೆ, ಮುಂಬೈ ರಸ್ತೆಯ ಪಕ್ಕದ ಗುಡ್ಡದಲ್ಲಿ ಪಾಂಡವಲೇಣಿ ಎಂಬ ಗುಹೆಗಳಿವೆ. ವನವಾಸದಲ್ಲಿ ಪಾಂಡವರು ಅಲ್ಲಿ ಉಳಿದಿದ್ದರೆಂದು ಜನರ ನಂಬಿಕೆ. ನಾನು ಆರನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಗೋಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ತೋರಿಸಿ, ಇವು ಬೌದ್ಧ ಭಿಕ್ಷುಗಳ ಗುಹೆಗಳು, ದಾನ ಕೊಟ್ಟವರ ಹೆಸರು ಇಲ್ಲೇ ಕೆತ್ತಿದೆ, ಪಾಂಡವರ ಸುದ್ದಿ ಎಲ್ಲೂ ಇಲ್ಲ ಎಂದು ಹೇಳಿದ್ದೆ. ಆ ತಾಯಿಯ ಅತ್ತೆ ಪ್ರತಿ ವರ್ಷ ಗುಡ್ಡ ಹತ್ತಿ ಭೀಮನಿಗೆ ಕೈಮುಗಿದು ಬರುವವರು. ಮೊಮ್ಮಗ ಮನೆಗೆ ಹೋಗಿ, "ಅಜ್ಜೀ, ನೀನು ಕೈಮುಗಿಯೋದು ಭೀಮನಿಗಲ್ಲ" ಎಂದುಬಿಟ್ಟಿದ್ದ. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

"ಕಲ್ಲಲ್ಲಿ ಇದ್ದದ್ದನ್ನು ನಾನು ಹೇಳಿದೆ," ಎಂದೆ ಆ ತಾಯಿಗೆ. ಅವರು ಎದ್ದು ಹೋದರು. ನನಗೆ ಗೆದ್ದ ಸಂತೋಷ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ನಾಸಿಕಕ್ಕೆ ವರ್ಗವಾಗಿತ್ತು. ಬೆಳಗಾವಿಯಲ್ಲಿ ಬೆಳೆದ ನನಗೆ ಮರಾಠಿ ಚೆನ್ನಾಗಿ ಬರುತ್ತಿದ್ದರಿಂದ ಅಂಬಡ್ ಕೈಗಾರಿಕಾ ಪ್ರದೇಶದ ಹತ್ತಿರದ ಒಂದು ಮರಾಠಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಕ್ಕಳಲ್ಲಿ ಹೆಚ್ಚಿನವರು ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು, ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಇದ್ದವರು. ಅಲ್ಲಿನ ರೂಢಿಯಂತೆ ನನ್ನನ್ನು 'ಬಾಯಿ' ಎಂದು ಕರೆಯುತ್ತಿದ್ದರು.

ಅವರಿಗೆ ನಾನು ಮೂರು ಪ್ರಶ್ನೆ ಕಲಿಸಿದ್ದೆ. ಯಾರಾದರೂ ಹಳೆಯ ಕಾಲದ ಸಂಗತಿ ಹೇಳಿದರೆ, ಇದನ್ನು ಯಾರು ಹೇಳಿದರು, ಅವರು ಅಲ್ಲಿದ್ದರೇ, ಹೀಗೆ ಹೇಳಿದ್ದರಿಂದ ಅವರಿಗೆ ಏನು ಲಾಭ ಎಂದು ಕೇಳಬೇಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದ್ದೆ. ಮಕ್ಕಳು ಇವನ್ನು ಆಟದಂತೆ ಹಿಡಿದುಕೊಂಡರು. ಯಾರು ಸೀಮೆಸುಣ್ಣ ಮುರಿದದ್ದು ಎಂಬ ಜಗಳಕ್ಕೂ ಅದೇ ಮೂರು ಪ್ರಶ್ನೆ. ನನಗೆ ಹೆಮ್ಮೆಯಾಗುತ್ತಿತ್ತು.

ಎರಡನೆಯ ವರ್ಷ ವೇರೂಳಕ್ಕೆ, ಅಂದರೆ ಎಲ್ಲೋರಾಕ್ಕೆ, ಪ್ರವಾಸ ಹೋದೆವು. ಬೆಳಿಗ್ಗೆ ಬೇಗ ಹೊರಟ ಬಸ್ಸು ಅಲ್ಲಿ ತಲುಪುವಾಗ ಬಿಸಿಲೇರಿತ್ತು. ಒಂದೇ ಬೆಟ್ಟವನ್ನು ಕಡಿದು ಮಾಡಿದ ಕೈಲಾಸ ದೇವಾಲಯದ ಅಂಗಳಕ್ಕೆ ಕಾಲಿಟ್ಟಾಗ ನನಗೆ ಮೈಯೆಲ್ಲ ಜುಮ್ಮೆಂದಿತು. ಅಲ್ಲಿನ ಗೈಡ್ ಒಬ್ಬ, ರಾಣಿಯೊಬ್ಬಳು ಶಿಖರ ನೋಡುವ ತನಕ ಊಟ ಮಾಡುವುದಿಲ್ಲವೆಂದು ಹರಕೆ ಹೊತ್ತಿದ್ದಳು, ಅದಕ್ಕೇ ಗುಡಿಯನ್ನು ಮೇಲಿನಿಂದ ಕೆಳಗೆ ಕೊರೆದರು ಎಂದು ಯಾರಿಗೋ ಕಥೆ ಹೇಳುತ್ತಿದ್ದ. ನಾನು ಮಕ್ಕಳನ್ನು ಆಚೆ ಕರೆದು, "ಅದೆಲ್ಲ ಕಥೆ. ಇದನ್ನು ಕೊರೆಸಿದ್ದು ರಾಷ್ಟ್ರಕೂಟ ಅರಸ. ನಮ್ಮ ಕನ್ನಡದ ಅರಸ" ಎಂದೆ.

'ನಮ್ಮ' ಎಂಬಲ್ಲಿ ನನ್ನ ದನಿ ತುಸು ಏರಿರಬೇಕು. ಮುಂದಿನ ಸಾಲಿನ ಒಬ್ಬಳು ಹುಡುಗಿ ಕೈಯೆತ್ತಿದಳು. ತೆಳ್ಳಗಿನ ಹುಡುಗಿ, ಎರಡು ಜಡೆ. ತರಗತಿಯಲ್ಲಿ ಹೆಚ್ಚು ಮಾತಾಡಿದವಳಲ್ಲ.

"ಬಾಯಿ, ಇದನ್ನು ಯಾರು ಹೇಳಿದರು?"

"ಒಂದು ತಾಮ್ರಪಟದಲ್ಲಿ ಬರೆದಿದೆ."

"ಬರೆದವರು ಇಲ್ಲಿದ್ದರಾ?"

"ಆ ಅರಸನ ವಂಶದವರು ಬರೆಸಿದ್ದು. ಒಂದೆರಡು ತಲೆಮಾರು ಆದಮೇಲೆ."

ಅವಳು ಸ್ವಲ್ಪ ಯೋಚಿಸಿದಳು. "ಹಾಗಾದರೆ ತಮ್ಮ ಮುತ್ತಜ್ಜನ ಬಗ್ಗೆ ತಾವೇ ಹೇಳಿಕೊಂಡದ್ದು. ಅವರಿಗೆ ಲಾಭ ಇದೆಯಲ್ಲ, ಬಾಯಿ."

ಮಕ್ಕಳು ನಕ್ಕರು. ಅವಳು ಚೇಷ್ಟೆಗೆ ಕೇಳಿರಲಿಲ್ಲ. ನಾನು ಬರೆಸಿದ ಪ್ರಶ್ನೆಗಳನ್ನು ನಾನು ಬರೆಸಿದ ಕ್ರಮದಲ್ಲೇ ಕೇಳಿದ್ದಳು. ಆದರೂ ನನಗೆ ಮುಖ ಬಿಸಿಯಾಯಿತು. "ಪುಸ್ತಕದಲ್ಲಿ ಇದೆ, ಸಾಕು. ಸಾಲು ಬಿಡಬೇಡ" ಎಂದೆ. ಆಮೇಲೆ ಅವಳು ಹಿಂದೆ ಉಳಿದು, ಕೆಲಸ ಅರ್ಧಕ್ಕೆ ನಿಂತಿದ್ದ ಒಂದು ಗೋಡೆಯ ಮೇಲಿನ ಉಳಿಯ ಗೆರೆಗಳನ್ನು ಬೆರಳಿನಿಂದ ಸವರುತ್ತ ನಿಂತಿದ್ದಳು. ಮುಟ್ಟಬಾರದೆಂದು ಗದರಿಸಿ ಕರೆತಂದೆ.

ತಿಂಗಳ ನಂತರ ಘಟಕ ಪರೀಕ್ಷೆ. 'ಕೈಲಾಸ ಲೇಣಿಯನ್ನು ಯಾರು ಕೊರೆದರು?' ಎಂಬುದು ಒಂದು ಪ್ರಶ್ನೆ. ಎಲ್ಲರೂ ರಾಷ್ಟ್ರಕೂಟ ಅರಸನ ಹೆಸರು ಬರೆದಿದ್ದರು. ಆ ಹುಡುಗಿಯ ಉತ್ತರ ಐದು ಸಾಲಿತ್ತು. ಕೊರೆದವರು ಕಲ್ಲುಕೆಲಸದವರು, ಅವರ ಹೆಸರು ಯಾರೂ ಬರೆದಿಟ್ಟಿಲ್ಲ. ಅರಸ ಕೊರೆಸಿದನೆಂದು ಅವನ ಮನೆತನದವರ ತಾಮ್ರಪಟ ಹೇಳುತ್ತದೆ. ಕೊರೆದವರಲ್ಲಿ ಒಬ್ಬ ಎಡಗೈಯವನಿದ್ದ.

ಕೊನೆಯ ಸಾಲು ಓದಿ ನನಗೆ ಸಿಟ್ಟು ಬಂತು. ಸೊನ್ನೆ ಹಾಕಿ, ಕೆಂಪು ಪೆನ್ನಿನಲ್ಲಿ 'ಕಟ್ಟುಕಥೆ ಬರೆಯಬಾರದು' ಎಂದು ಬರೆದೆ.

ಮುಂದಿನ ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವಳು ಒಬ್ಬ ಮುದುಕರನ್ನು ಕರೆದುಕೊಂಡು ಬಂದಳು. ಬಿಳಿ ಧೋತರ, ತಲೆಗೆ ಟೋಪಿ. ಬೆರಳುಗಳು ಗಂಟುಗಂಟಾಗಿದ್ದವು. ಅವರು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಕನ್ನಡದಲ್ಲಿ ಮಾತು ತೆಗೆದರು.

"ನಮಸ್ಕಾರ್ರೀ ಅಕ್ಕೋರ. ನೀವು ಬೆಳಗಾಂವದವರಂತ ಈಕಿ ಹೇಳಿದ್ಲು."

ನನಗೆ ಆಶ್ಚರ್ಯವಾಯಿತು. "ಈಕಿಗೆ ಹ್ಯಾಂಗ ಗೊತ್ತಾತ್ರಿ ಅಜ್ಜಾರ?"

"ನೀವು ಫೋನಿನ್ಯಾಗ ಮಾತಾಡೂದು ಕೇಳ್ಯಾಳ. ಈಕಿಗೆ ತಿಳೀತೈತಿ, ಮಾತಾಡಾಕಷ್ಟ ಬರೂದಿಲ್ಲ. ನಮ್ಮದು ಬಿಜಾಪುರ ಕಡೆ. ನಾ ಸಣ್ಣಾವಿದ್ದಾಗ ಬಂದಾವ್ರಿ."

ಅವರು ಹುಡುಗಿಯ ಅಜ್ಜ. ಜೀವನವಿಡೀ ಬೀಸುವ ಕಲ್ಲು, ರುಬ್ಬುವ ಕಲ್ಲು ಕಡಿದವರು. ಮಗ ಬಿಡಿಭಾಗದ ಕಾರ್ಖಾನೆಗೆ ಸೇರಿದ ಮೇಲೂ ರಸ್ತೆಯ ಬದಿಗೆ ಕೂತು ಸವೆದ ಕಲ್ಲಿಗೆ ಉಳಿ ಹಾಕಿಕೊಡುತ್ತಿದ್ದರು. ಮೊಮ್ಮಗಳು ಅವರ ಪಕ್ಕದಲ್ಲೇ ಕೂತು ಬೆಳೆದಿದ್ದಳು.

"ಮಾರ್ಕ್ಸ್ ಸಲುವಾಗಿ ಬಂದಿಲ್ರೀ," ಎಂದರು. "ಈಕಿ ಸುಳ್ಳ ಬರದಾಳ ಅಂತ ನೀವು ಕೆಂಪು ಶಾಯಿಲೆ ಬರದೀರಂತ. ಮೂರು ದಿವಸ ಆತು, ಹಾಳಿ ಹಿಡಕೊಂಡು ಅಳಾಕ ಹತ್ಯಾಳ. ಈಕಿ ಸುಳ್ಳ ಹೇಳೂ ಹುಡುಗಿ ಅಲ್ರಿ."

"ಎಡಗೈಯವ ಇದ್ದ ಅಂತ ಬರದಾಳಲ್ರಿ ಅಜ್ಜಾರ. ಅದನ್ನ ಈಕಿ ಹ್ಯಾಂಗ ಹೇಳ್ತಾಳ?"

ಅವರು ಅಂಗಳಕ್ಕೆ ನಡೆದರು. ನಮ್ಮ ಶಾಲೆಯ ಮೆಟ್ಟಿಲುಗಳು ಕರಿಕಲ್ಲಿನವು. ಅಜ್ಜ ಕಷ್ಟಪಟ್ಟು ಕೆಳಗೆ ಕೂತು, ಮೆಟ್ಟಿಲಿನ ಬದಿಗೆ ನನ್ನ ಕೈ ಹಿಡಿದು ಸವರಿಸಿದರು. ಎಷ್ಟೋ ಸಲ ಹತ್ತಿ ಇಳಿದ ಮೆಟ್ಟಿಲು. ಅದರ ಮೇಲೆ ಸಾಲಾಗಿ ಓರೆ ಗೆರೆಗಳಿರುವುದನ್ನು ನಾನು ಅಂದೇ ನೋಡಿದೆ.

"ಬಲಗೈಯವ ಹೊಡದ್ರ ಗೆರಿ ಹಿಂಗ ವಾಲತಾವ್ರಿ. ಎಡಗೈಯಾಗ ಸುತ್ತಿಗಿ ಹಿಡದ್ರ ಆ ಕಡೆ. ಆ ಗ್ವಾಡಿಮ್ಯಾಲ ಒಂದು ಕಡೆ ಗೆರಿ ಉಲ್ಟಾ ಅದಾವ ಅಂತ ಈಕಿ ಹೇಳಿದ್ಲು."

ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಅಜ್ಜ ಮೊಮ್ಮಗಳ ಕಡೆ ತಿರುಗಿದರು.

"ಆದ್ರ ಒಂದು ಮಾತು ಕೇಳವ್ವ. ಆ ಗ್ವಾಡಿ ನಾ ನೋಡಿಲ್ಲ. ಜಾಗಾ ಇಕ್ಕಟ್ಟ ಇತ್ತಂದ್ರ ಬಲಗೈಯವನೂ ಕೈ ಬದಲಿ ಮಾಡತಾನ. ನಾನೂ ಮಾಡೇನಿ. ಹಂಗಾಗಿ ಎಡಗೈಯವ ಇದ್ದನಂತ ಖಾತ್ರಿ ಹೇಳಾಕ ಬರೂದಿಲ್ಲ."

ಹುಡುಗಿಯ ಮುಖ ಇಳಿಯಿತು. ಆಮೇಲೆ ಮರಾಠಿಯಲ್ಲಿ ಕೇಳಿದಳು, "ಹಾಗಾದರೆ 'ಇದ್ದಿರಬಹುದು' ಅಂತ ಬರೆಯಬೇಕಿತ್ತಾ, ಅಜ್ಜಾ?"

"ಹೂಂ. ಹಂಗ ಬರಿ."

ಶಾಲೆಯಲ್ಲಿ ಓದದ ಮುದುಕರು ಮೊಮ್ಮಗಳ ಪರವಾಗಿ ಬಂದು, ಅವಳ ತಪ್ಪನ್ನು ನನ್ನೆದುರಿಗೇ ತೋರಿಸಿ ಕೊಟ್ಟಿದ್ದರು. ಹಾಗೆ ಮಾಡಬೇಕಾಗಿದ್ದವಳು ನಾನು. ಪಾಂಡವರ ಮಾತು ಬಂದಾಗ ಬೇರೆಯವರ ಅಜ್ಜಿಗೆ ಊಟ ಸೇರದಿದ್ದರೂ ನಾನು ಜಗ್ಗಿರಲಿಲ್ಲ. 'ನಮ್ಮ' ಅರಸನ ಮಾತು ಬಂದ ಕೂಡಲೇ ಪುಸ್ತಕವನ್ನು ಅಡ್ಡ ಹಿಡಿದಿದ್ದೆ. ತಾಮ್ರಪಟದ ಮಾತು ಸುಳ್ಳೆಂದು ನಾನು ಅಂದೂ ಭಾವಿಸಲಿಲ್ಲ, ಇಂದೂ ಭಾವಿಸುವುದಿಲ್ಲ. ಅರಸ ಕೊರೆಸಿದ್ದೇ ನಿಜವಿರಬೇಕು. ಆದರೆ ಆ ಹುಡುಗಿ ಕೇಳಿದ್ದು ಬೇರೆ. ನಮಗೆ ಹೇಗೆ ಗೊತ್ತು ಎಂದು. ಅದಕ್ಕೆ ನಾನು ಸಾಲಿನಲ್ಲಿ ನಿಲ್ಲು ಎಂದು ಉತ್ತರಿಸಿದ್ದೆ.

"ತಪ್ಪಾತ್ರಿ ಅಜ್ಜಾರ," ಎಂದೆ. ಹುಡುಗಿಗೂ ಹೇಳಿದೆ, ಮರಾಠಿಯಲ್ಲಿ. ಅವಳ ಹಾಳೆ ತರಿಸಿ ಆ ಕೆಂಪು ಸಾಲನ್ನು ಹೊಡೆದುಹಾಕಿದೆ.

ಸೋಮವಾರ ಮುಖ್ಯೋಪಾಧ್ಯಾಯಿನಿಯವರ ಬಳಿ ಹೋಗಿ ಅಂಕ ತಿದ್ದಬೇಕೆಂದು ಕೇಳಿದೆ. ಅವರು ಕೆಟ್ಟವರಲ್ಲ, ನಿಯಮದವರು. "ಮಾದರಿ ಉತ್ತರದಲ್ಲಿ ಅರಸನ ಹೆಸರಿದೆ. ಅವಳಿಗೆ ಕೊಟ್ಟರೆ ನಾಳೆ ಎಲ್ಲರೂ ತಮಗೆ ತೋಚಿದ್ದು ಬರೆಯುತ್ತಾರೆ" ಎಂದರು.

"ಪ್ರಶ್ನೆಯಲ್ಲಿ 'ಕೊರೆದರು' ಎಂದಿದೆ, 'ಕೊರೆಸಿದರು' ಎಂದಿಲ್ಲ," ಎಂದೆ. "ಅವಳು ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದ್ದಾಳೆ. ಪ್ರಶ್ನೆ ಬರೆದ ನಾನೇ ತಪ್ಪಿದೆ."

ಅವರು ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಪೂರ್ತಿ ಅಂಕ ಕೊಡಲು ಒಪ್ಪಿದರು. ಅಜ್ಜನನ್ನು ಒಂದು ಪಿರಿಯಡ್ ತರಗತಿಗೆ ಕರೆಯುವುದಕ್ಕೂ ಒಪ್ಪಿದರು.

ಅಜ್ಜ ಬಂದರು. ಒಂದು ಕಲ್ಲು, ಎರಡು ಉಳಿ, ಸುತ್ತಿಗೆ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಹೊಡೆದು ನೋಡಿದರು. ಒಂದು ಬೆರಳಗಲ ಕಡಿಯಲು ಎಷ್ಟು ಹೊತ್ತು ಬೇಕೆಂದು ಕೈಗೆ ತಿಳಿದ ಮೇಲೆ ಯಾರೂ ಅರಸ ಗುಡಿ ಕಟ್ಟಿದ ಎಂದು ಸುಲಭವಾಗಿ ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಪ್ರಶ್ನೆ ಬರೆಯುವ ರೀತಿ ಬದಲಾಯಿತು. 'ಯಾರು' ಎಂದು ಕೇಳಿದ ಮೇಲೆ 'ಅದು ನಮಗೆ ಹೇಗೆ ಗೊತ್ತು' ಎಂದೂ ಕೇಳುತ್ತಿದ್ದೆ. ಮಕ್ಕಳಿಗೆ ಅಂಕ ಕಡಿಮೆ ಬರತೊಡಗಿತು. ಕೆಲವು ತಂದೆತಾಯಿಗಳು ಬೇಸರಪಟ್ಟುಕೊಂಡರು. ನಾನು ಬಿಡಲಿಲ್ಲ. ಭೀಮನಿಗೆ ಕೈಮುಗಿಯುತ್ತಿದ್ದ ಆ ಅಜ್ಜಿಯ ಮನೆಗೂ ಒಂದು ದಿನ ಹೋಗಿ, ಆ ಕಥೆ ಅವರಿಗೆ ಯಾರು ಹೇಳಿದರೆಂದು ಕೇಳಿ ಬಂದೆ. ತಮ್ಮ ತಾಯಿ ಎಂದರು. ಚಹಾ ಕೊಟ್ಟರು. ಗುಹೆ ಯಾರದು ಎಂಬ ಮಾತನ್ನು ನಾವಿಬ್ಬರೂ ತೆಗೆಯಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಗಂಡನಿಗೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರಿಗೆ, ವರ್ಗವಾಯಿತು. ಅಲ್ಲಿಯೂ ಒಂದು ಶಾಲೆಯಲ್ಲಿ ಕಲಿಸಿದೆ. ವೇರೂಳ ಹತ್ತಿರವಾಯಿತು, ಪ್ರತಿ ವರ್ಷ ಮಕ್ಕಳೊಂದಿಗೆ ಹೋಗುತ್ತಿದ್ದೆ. ಗೈಡಿನ ರಾಣಿಯ ಕಥೆ ಕೇಳಲು ಬಿಟ್ಟು, ತಾಮ್ರಪಟದ ಸಂಗತಿ ಹೇಳಿ, ಗೋಡೆಯ ಗೆರೆ ತೋರಿಸಿ, ಯಾವುದು ಏನನ್ನು ಹೇಳಬಲ್ಲದು ಎಂದು ಅವರನ್ನೇ ಕೇಳುತ್ತಿದ್ದೆ. ರಾಷ್ಟ್ರಕೂಟರ ಹೆಸರು ಬಂದಾಗ ಒಳಗೆ ಸಣ್ಣ ಹೆಮ್ಮೆ ಈಗಲೂ ಏಳುತ್ತದೆ. ಅದನ್ನೂ ಮಕ್ಕಳಿಗೆ ಹೇಳಿಬಿಡುತ್ತಿದ್ದೆ, ನಾನು ಎಲ್ಲಿಯವಳೆಂದು ತಿಳಿದಿರಲಿ ಎಂದು.

ಆ ಹುಡುಗಿ ಹತ್ತನೆಯದು ಮುಗಿಸಿ, ಸಿವಿಲ್ ಡಿಪ್ಲೊಮಾ ಮಾಡಿ, ರಸ್ತೆ ಅಳೆಯುವ ಕೆಲಸಕ್ಕೆ ಸೇರಿದಳು. ಒಂದು ದಿನ ಫೋನ್ ಮಾಡಿ ಅಜ್ಜ ತೀರಿಕೊಂಡರೆಂದು ಹೇಳಿದಳು. ತಡವರಿಸುತ್ತ ಕನ್ನಡದಲ್ಲೇ ಹೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಅಜ್ಜನ ಊರು ರೇಷನ್ ಕಾರ್ಡಿನಲ್ಲಿ ಒಂದು ಇದೆ, ಅಜ್ಜ ಬಾಯಲ್ಲಿ ಹೇಳುತ್ತಿದ್ದದ್ದು ಇನ್ನೊಂದು. ಯಾವುದನ್ನು ನಂಬುವುದು?

"ಕಾರ್ಡ್ ಬರದವರು ಯಾರವ್ವ?"

"ಇಲ್ಲಿಯವರೇ. ಅಜ್ಜ ಹೇಳಿದ್ದು ಅವರಿಗೆ ಹ್ಯಾಂಗ ಕೇಳಿಸ್ತೋ ಹಂಗ ಬರದಿರಬಹುದು."

"ಅಜ್ಜಾರು ಊರು ಬಿಟ್ಟಾಗ ಸಣ್ಣವರು. ಅವರಿಗೂ ಮರೆತಿರಬಹುದು. ನನಗ ಗೊತ್ತಿಲ್ಲ, ಹೋಗಿ ನೋಡು," ಎಂದೆ.

ಅವಳು ತಂದೆಯೊಂದಿಗೆ ಬಿಜಾಪುರದ ಕಡೆ ಹೋಗಿ ಎರಡು ಊರುಗಳನ್ನೂ ನೋಡಿ ಬಂದಳು. ಎರಡೂ ಊರಲ್ಲಿ ವಯಸ್ಸಾದವರು, ಹೌದು, ಕಲ್ಲು ಕಡಿಯುವ ಮನೆತನ ನಮ್ಮಲ್ಲೇ ಇತ್ತು ಎಂದರಂತೆ. ಎರಡೂ ಕಡೆ ಊಟಕ್ಕೆ ಕೂರಿಸಿದರಂತೆ.

"ಮತ್ತ ನೀ ಏನು ಮಾಡಿದಿ?" ಎಂದು ಕೇಳಿದೆ.

"ಯಾರು ಏನು ಹೇಳಿದ್ರು ಅಂತ ಹೆಸರು ಹಾಕಿ ಎರಡೂ ಬರಕೊಂಡು ಬಂದೀನಿ, ಬಾಯಿ," ಎಂದಳು. "ಮುಂದಿನ ರಜೆಗೆ ಮತ್ತ ಹೋಗ್ತೀನಿ."