ಪೇಪರ್‌ನ್ಯಾಗ ಬಿಟ್ಟ ಸುದ್ದಿ

ನಮ್ಮಪ್ಪ ಪೇಪರ್ ಓದೂದನ್ನ ನೀವು ಕೇಳಬೇಕಾಗಿತ್ತು. ಓದೂದಲ್ಲ, ಒದರೂದು. ದಿನಾ ಸಂಜಿ ವಿದ್ಯಾನಗರದ ಮನಿ ವರಾಂಡಾದಾಗ ಖುರ್ಚಿ ಹಾಕ್ಕೊಂಡು ಶುರು ಮಾಡಿದಾ ಅಂದ್ರ ಇಡೀ ಓಣಿಗೆ ಸುದ್ದಿ ಮುಟ್ಟತಿತ್ತು. ಎದುರಿನ ಮನಿಯವರಂತೂ ಪೇಪರ್ ತರಸೂದನ್ನಽ ಬಿಟ್ಟಿದ್ರು. "ಯಪ್ಪಾ, ಕಾಕಾರ ಕಣ್ಣು ಹೋಗ್ಯಾವು, ಕಿವಿ ಅಲ್ಲ, ಸಾವಕಾಶ ಓದು" ಅಂತ ನಾ ಬೈತಿದ್ದೆ. ಬಾಜೂಕ ಕುಂತು ಕೇಳೂ ಕಾಕಾ ನಗತಿದ್ರು. "ಓದ್ಲಿ ಬಿಡವ್ವಾ. ಆಫೀಸಿನ್ಯಾಗ ಸಾಹೇಬರ ಮುಂದ ಬಾಯಿ ಬಿಡಲಿಲ್ಲ, ಇಲ್ಲೆರೆ ಬಿಡ್ಲಿ."

ಅದು ಖರೇ. ಕೈಯಾಗ ಪೇಪರ್ ಇಲ್ಲಂದ್ರ ನಮ್ಮಪ್ಪ ನಾಕು ಮಂದಿ ನಡುವ ಮೂಕ. ಲಗ್ನದ ಮನ್ಯಾಗ ಎಲಿಗೆ ಉಪ್ಪು ಬೇಕಾಗಿದ್ರೂ ನಮ್ಮವ್ವನ ಮಾರಿ ನೋಡಾಂವ.

ಕಾಕಾ ಅಂದ್ರ ರಕ್ತ ಸಂಬಂಧ ಅಲ್ಲ. ಅಪ್ಪ ರೇಲ್ವೆ ವರ್ಕ್‌ಶಾಪಿನ ಆಫೀಸಿನ್ಯಾಗ ಕ್ಲಾರ್ಕ್, ಕಾಕಾ ಅಲ್ಲೇ ಫಿಟರ್. ಅಪ್ಪ ಅವರಿಗೆ ಮಿಸ್ತ್ರಿ ಅಂತಿದ್ದ, ಅವರು ಅಪ್ಪಗ ಬಾಬು ಅಂತಿದ್ರು. ಒಬ್ಬರ ಹೆಸರು ಒಬ್ಬರು ಹಿಡದು ಕರದಿದ್ದನ್ನ ನಾ ಕೇಳಿಲ್ಲ. ಅವರ ಈದಿನ ಶಾವಿಗಿ ಸುರಕುಂಬಾ ನಮ್ಮನಿಗೆ, ನಮ್ಮ ಪಂಚಮಿ ಉಂಡಿ ಅವರ ಮನಿಗೆ. ಇದನ್ನ ದೊಡ್ಡ ಮಾತು ಮಾಡಿ ಹೇಳಾಕ ನನಗ ನಾಚಿಕಿ ಬರತೈತಿ, ಆವಾಗ ಅದು ದೊಡ್ಡ ಮಾತು ಆಗಿರಲಿಲ್ಲ.

ನಾ ಸಣ್ಣಾಕಿ ಇದ್ದಾಗ ಎರಡೂ ಮನಿ ಧಾರವಾಡದಾಗ ಇದ್ದವು. ಇಬ್ಬರೂ ದಿನಾ ಮುಂಜಾನೆ ಪ್ಯಾಸೆಂಜರ್ ಗಾಡಿ ಹಿಡದು ಹುಬ್ಬಳ್ಳಿಗೆ ಹೋಗತಿದ್ರು. ಇಬ್ಬರ ನಡುವ ಒಂದಽ ಪೇಪರ್. ಅಪ್ಪಗ ಓಡೂ ಗಾಡ್ಯಾಗ ಅಕ್ಷರ ನೋಡಿದ್ರ ತಲಿ ತಿರಗತಿತ್ತು, ಹಿಂಗಾಗಿ ಕಾಕಾ ಓದೂದು, ಅಪ್ಪ ಕಣ್ಣು ಮುಚ್ಚಿ ಕೇಳೂದು. ಸಾಲಿ ಸೂಟಿ ಇದ್ದಾಗ ಒಮ್ಮೊಮ್ಮೆ ನಾನೂ ಹಟಾ ಮಾಡಿ ಹೋಗಿ ಕಿಡಕಿ ಪಕ್ಕ ಕುಂತಿರತಿದ್ದೆ. ಕಾಕಾ ಒಂದಕ್ಷರ ಬಿಡತಿದ್ದಿಲ್ಲ. ಟೆಂಡರ್ ಜಾಹೀರಾತು, ಜೋಳದ ಧಾರಣಿ, ಎತ್ತು ಕಳದಾವು ಅನ್ನೂ ಪ್ರಕಟಣಿ, ಎಲ್ಲಾ. ಎಲ್ಲೋ ಗಲಾಟಿ ಆಗಿ ತಮ್ಮ ಮಂದಿ ಮ್ಯಾಲ ತಪ್ಪು ಬಂದಿದ್ರ ಅದನ್ನೂ ಅದಽ ದನಿಯಾಗ ಓದತಿದ್ರು. ಡಬ್ಬ್ಯಾಗ ಇದ್ದವರೆಲ್ಲಾ ಕಿವಿ ಕೊಡತಿದ್ರು. ಈಗ ಅಪ್ಪನೂ ಇಲ್ಲ, ಕಾಕಾನೂ ಇಲ್ಲ. ಆ ದನಿ ನೆನಪಾದ್ರ ನನಗ ಗಾಡ್ಯಾಗ ಮಾರೂ ಹುರದ ಶೇಂಗಾದ ವಾಸನಿ ಬಂದಂಗಾಗತೈತಿ.

ರಿಟೈರ್ ಆದ ಮ್ಯಾಲ ನಾವು ಹುಬ್ಬಳ್ಳಿ ವಿದ್ಯಾನಗರಕ್ಕ ಬಂದ್ವಿ, ಅವರು ಬೈರಿದೇವರಕೊಪ್ಪದಾಗ ಮನಿ ಕಟ್ಟಿಸಿದ್ರು. ಸಕ್ಕರಿ ಬ್ಯಾನಿ ಕಾಕಾರ ಕಣ್ಣು ತಿಂದು ಹಾಕ್ತು. ಅವಾಗಿಂದ ಓದೂ ಕೆಲಸ ಅಪ್ಪಂದು. ಕಾಕಾರ ಸೊಸಿ ಟ್ಯೂಷನ್ ಹೇಳಾಕ ಹೋಗೂ ಮುಂದ ಸ್ಕೂಟಿ ಮ್ಯಾಲ ಅವರನ್ನ ನಮ್ಮಲ್ಲೆ ಇಳಿಸಿ ಹೋಗಾಕಿ, ಬರೂ ಮುಂದ ಕರಕೊಂಡು ಹೋಗಾಕಿ. ನನ್ನ ಗಂಡನ ಮನಿ ಅಲ್ಲೇ ಎರಡು ಓಣಿ ಆಚೆ. ಅವ್ವ ತೀರಿಕೊಂಡಿದ್ಲು, ಹಿಂಗಾಗಿ ನಾ ಕಲಸೂ ಸಾಲಿ ಬಿಟ್ಟ ಕೂಡ್ಲೆ ಮೊದಲ ಅಪ್ಪನ ಮನಿಗೆ ಬಂದು ಇಬ್ಬರಿಗೂ ಚಾ ಮಾಡಿ ಕೊಟ್ಟು, ಬೈಯೂದಿದ್ರ ಬೈದು, ಆಮ್ಯಾಲ ಮನಿಗೆ ಹೋಗಾಕಿ.

ಅಂಥಾದೊಂದು ಸಂಜಿ ಅಪ್ಪ ಓದಾಕ ಶುರು ಮಾಡಿದಾಂವ ಗಕ್ಕನ ನಿಂತ. ಯಾಕ ಅಂತ ನನಗ ಗೊತ್ತಿತ್ತು, ಮುಂಜಾನೆ ನಾನೂ ನೋಡಿದ್ದೆ. ಮೊದಲನೇ ಪುಟದಾಗ, ಅಂಗೈ ಅಗಲ ಅಕ್ಷರದಾಗ: ಅನ್ಯಧರ್ಮೀಯರೊಂದಿಗೆ ವಿವಾಹಕ್ಕೆ ಮುಸ್ಲಿಮರ ವಿರೋಧ! ಯಾರೋ ದೇಶದ ತುಂಬಾ ಸಮೀಕ್ಷೆ ಮಾಡಿದ್ರಂತ, ಅದರಾಗಿಂದ ತಗದ ಸುದ್ದಿ. ಅಪ್ಪ ಒಮ್ಮೆ ಕೆಮ್ಮಿ, ಪುಟ ಹೊಳ್ಳಿಸಿ, ಮಳಿ ಸುದ್ದಿಗೆ ಹಾರಿದ. ಕಾಕಾಗ ತಿಳೀಲಿಲ್ಲ. ಒಳಗ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದ ನನಗ ಅಪ್ಪನ ಮ್ಯಾಲ ಪ್ರೀತಿ ಉಕ್ಕಿ ಬಂತು. ಯಾಕ ಮುದುಕನ ಮನಸಿಗೆ ಚುಚ್ಚಬೇಕು, ಛಲೋ ಮಾಡಿದ ಅಂದ್ಕೊಂಡೆ.

ಮರುದಿನ ಟಿವಿಯವರಿಗಂತೂ ಹಬ್ಬ ಸಿಕ್ಕಂಗಾತು. ಒಬ್ಬಾಂವ ಕೋಟು ಹಾಕ್ಕೊಂಡು, ಇವರು ಯಾರ ಜೋಡಿನೂ ಬೆರಿಯೂದಿಲ್ಲ ಯಾಕ ಯಾಕ ಯಾಕ ಅಂತ ಹೊಯ್ಕೋತ ಕುಂತಿದ್ದ. ಅವನ ಬಾಯಿಗಿಷ್ಟು ಮಣ್ಣ ಹಾಕ.

ಅವತ್ತ ಸಂಜಿ ಸ್ಕೂಟಿ ಬರಲಿಲ್ಲ. ಆಟೋ ಬಂತು, ಕಾಕಾ ಒಬ್ಬರಽ ಕೋಲು ಊರಕೋತ ಇಳದು ಬಂದ್ರು. ಖುರ್ಚಿ ಮುಂದ ನಿಂತ್ರು, ಕುಂಡರಲಿಲ್ಲ.

"ಬಾಬು, ನಿನ್ನಿ ಪೇಪರ್‌ನ್ಯಾಗ ನಮ್ಮ ಸುದ್ದಿ ಬಂದಿತ್ತಂತ?"

ಅಪ್ಪ ನನ್ನ ಮಾರಿ ನೋಡಿದ. "ಹೂಂ, ಬಂದಿತ್ತು."

"ಓದಲಿಲ್ಲ ನೀವು?"

"ನಿಮಗ ಬ್ಯಾಸರಾಗತೈತಿ ಅಂತ, ಮಿಸ್ತ್ರಿ…"

"ಬ್ಯಾಸರಾ?" ಕಾಕಾ ಕೋಲು ನೆಲಕ್ಕ ಕುಟ್ಟಿದ್ರು. "ನಮ್ಮ ಓಣಿ ಚಾದಂಗಡ್ಯಾಗ ಆ ಪೇಂಟ್ ಅಂಗಡಿಯಾಂವ ಎಲ್ಲಾರ ಮುಂದ ಕೇಳಿದಾ, ಏನ್ರಿ ಮಿಸ್ತ್ರಿ, ನೀವು ಹಿಂಗಂತಲ್ಲ ಅಂತ. ಯಾವ ಸುದ್ದಿ ಅಂತ ಕೇಳಿದೆ. ಎಲ್ಲಾರೂ ನಕ್ಕರು. ಊರಿಗೆಲ್ಲಾ ಗೊತ್ತಿದ್ದದ್ದು ನನಗೊಬ್ಬಗ ಗೊತ್ತಿಲ್ಲ. ಗಾಡ್ಯಾಗ ನಾ ಏನರೆ ಬಿಟ್ಟು ಓದಿದ್ದೆನೇನು? ಇನ್ನ ನೀವು ಓದಿದ್ದನ್ನ ನಾ ಹೆಂಗ ನಂಬಲಿ? ಹಿಂದಿಂದು ಏನೇನು ಬಿಟ್ಟೀರೋ, ಅಲ್ಲಾಗ ಗೊತ್ತು."

ನಿಂತಿದ್ದ ಆಟೋಕ್ಕಽ ಹೊಳ್ಳಿ ಹತ್ತಿದ್ರು. ಚಾ ಆರಿ ಹೋತು.

ಆ ವಾರ ಖುರ್ಚಿ ಖಾಲಿ. ಅಪ್ಪ ಪೇಪರ್ ಬಿಚ್ಚಿ ಸುಮ್ಮನ ಕುಂತಿರತಿದ್ದ. ಎದುರಿನ ಮನಿಯವರು ಗೇಟಿಗೆ ಬಂದು, "ಯಾಕ್ರಿ, ಸುದ್ದಿನಽ ಇಲ್ಲೇನು ಊರಾಗ?" ಅಂತ ಕೇಳಿ ಹೋದ್ರು. ಅಪ್ಪ ಊಟಾ ಅರ್ಧಕ್ಕಽ ಬಿಟ್ಟು ಏಳಾಕತ್ತಿದ. ಈ ವಯಸ್ಸಿನ್ಯಾಗ ಅಂಥಾ ಗೆಳೆಯಾ ಹೋದ್ರ ಇನ್ನೊಬ್ಬ ಹುಟ್ಟಿ ಬರತಾನೇನು?

ನನ್ನ ಸಿಟ್ಟು ಪೇಪರಿನ ಮ್ಯಾಲ ತಿರಗಿತು. ಸಾಲ್ಯಾಗ ಗಣಿತ ಕಲಸಾಕಿ ನಾ, ಒಂದು ಸಂಖ್ಯಾ ಕಂಡ್ರ ಅದರ ಬಾಜೂಕಿಂದು ಯಾವುದು ಅಂತ ಹುಡಕೂದು ನನಗ ಚಟ. ಮೊಬೈಲಿನ್ಯಾಗ ಆ ಸಮೀಕ್ಷೆಯ ಪೂರ್ತಿ ವರದಿ ಸಿಕ್ತು. ನೋಡಿದ್ರ, ಅದಽ ಪ್ರಶ್ನಾ ಎಲ್ಲಾ ಧರ್ಮದವರಿಗೂ ಕೇಳ್ಯಾರ. ನಿಮ್ಮ ಮಕ್ಕಳು ಬ್ಯಾರೆ ಧರ್ಮದವರನ್ನ ಲಗ್ನ ಆದ್ರ ನಡದೀತೇನು ಅಂತ. ಗ್ರಾಫಿನ್ಯಾಗ, ಬ್ಯಾಡ ಅಂದವರ ಲೆಕ್ಕದಾಗ, ಅವರ ಪಟ್ಟಿ ಬಾಜೂಕನ ನಮ್ಮ ಹಿಂದೂಗಳ ಪಟ್ಟಿ. ಹೆಚ್ಚು ಕಡಿಮಿ ಒಂದಽ ಎತ್ತರ. ಪೇಪರಿನವರು ಬರದಿದ್ದು ಸುಳ್ಳಲ್ಲ, ಅದಽ ನನ್ನ ಹೊಟ್ಟಿ ಉರಿಸಿದ್ದು. ಎಲ್ಲಾರ ಮನಿ ದೋಸಿನೂ ತೂತ ಅಂತಾರ. ಇವರು ಒಂದಽ ಮನಿ ಹಂಚಿನ ಮ್ಯಾಲಿಂದು ಫೋಟೋ ತಗದು ಊರಿಗೆ ತೋರಿಸಿದ್ರು.

ಪೇಪರ್ ಆಫೀಸಿಗೆ ಫೋನ್ ಹಚ್ಚಿ ಕೇಳೇ ಬಿಟ್ಟೆ, ನಮ್ಮದು ಯಾಕ ಹಾಕಲಿಲ್ಲ ಅಂತ. "ಜಾಗಾ ಸಾಲಲಿಲ್ರಿ ಮೇಡಮ್" ಅಂದ ಯಾವನೋ. ಅದಽ ಪುಟದಾಗ ಸೀರಿ ಅಂಗಡಿ ಜಾಹೀರಾತು ಅರ್ಧ ಪುಟ ಮಲಗಿತ್ತು. "ಆ ಸೀರಿ ಸೆರಗು ಒಂದೀಟು ಮಡಚಿದ್ರ ಜಾಗಾ ಆಗತಿತ್ತಲ್ಲೋ" ಅಂದೆ. ಫೋನ್ ಇಟ್ಟಬಿಟ್ಟ.

ಆಯಿತವಾರ ಆ ವರದಿ ಪ್ರಿಂಟ್ ತಗಸಿ, ಅಪ್ಪನ ಕೈಯಾಗ ಹಳೇ ಪೇಪರೂ ಕೊಟ್ಟು, ಬೈರಿದೇವರಕೊಪ್ಪಕ್ಕ ಕರಕೊಂಡು ಹೋದೆ. ಕಾಕಾರ ಹೆಂಡ್ತಿ ಚಾಚಿ, "ಬರ್ರಿ ಬರ್ರಿ, ಈ ಮನಷ್ಯಾಗ ನೀವಽ ಬುದ್ಧಿ ಹೇಳ್ರಿ, ಊಟಾ ಸೈತ ಮಾಡವಲ್ರು" ಅಂತ ಚಾ ತಂದಿಟ್ರು. ಕಾಕಾ ಮಾರಿ ಆ ಕಡೆ ತಿರವಿದ್ರು. ಅಪ್ಪ ಕನ್ನಡಕ ಹಾಕ್ಕೊಂಡ. ಮೊದಲ ಪೇಪರಿಂದು ಓದಿದ, ದಪ್ಪ ಅಕ್ಷರದಿಂದ ಹಿಡದು ಕಡೀ ಸಾಲಿನ ತನಕ. ಆಮ್ಯಾಲ ವರದಿದು. ಅವರದು, ನಮ್ಮದು, ಉಳದವರದು. ಎಲ್ಲಾ.

ಓದಿದ್ದು ಮುಗೀತು. ಕಾಕಾ ಕೋಲಿನ ಮ್ಯಾಲ ಗದ್ದ ಇಟ್ಟು ಕುಂತಿದ್ರು.

"ಬಾಬು, ಆ ಸಮೀಕ್ಷೆದವರು ನಿಮ್ಮ ಮನಿಗೆ ಬಂದು ಕೇಳಿದ್ರ ನೀವು ಏನಂತಿದ್ರಿ?"

ಅಪ್ಪ ಮತ್ತ ನನ್ನ ಮಾರಿ ನೋಡಿದ. ನಾ ಮುಖಾ ಕೆಳಗ ಹಾಕಿದೆ, ನೀನಽ ಹೇಳು ಅಂತ.

"ಖರೇ ಹೇಳಬೇಕಂದ್ರ… ಬ್ಯಾಡ ಅಂತಿದ್ದೆ, ಮಿಸ್ತ್ರಿ."

"ನಾನೂ ಬ್ಯಾಡ ಅಂತಿದ್ದೆ. ಅದು ಛಲೋನೋ ಕೆಟ್ಟದ್ದೋ, ಆ ಮಾತು ಬ್ಯಾರೆ. ಇಬ್ಬರೂ ಒಂದಽ ಮಾತು ಆಡೇವಿ. ಮತ್ತ ನಿಮ್ಮ ಸುದ್ದಿ ಯಾಕ ಬರಲಿಲ್ಲ ಪೇಪರ್‌ನ್ಯಾಗ? ಚಾದಂಗಡ್ಯಾಗ ನನಗಷ್ಟಽ ಯಾಕ ಕೇಳಿದ್ರು?"

ಅಪ್ಪ ಪೇಪರ್ ಮಡಚಿ ಬಗಲಾಗ ಇಟಗೊಂಡು ಎದ್ದ, ಕಾಕಾರ ಕೈ ಹಿಡದ. "ಏಳ್ರಿ, ಚಾ ಕುಡದು ಬರೂಣು."

"ಈಗಽ ಕುಡದ್ರೆಲ್ಲ!" ಅಂದ್ರು ಚಾಚಿ. ಅಪ್ಪ ಕೇಳಲಿಲ್ಲ. ನಾನೂ ಬೆನ್ನ ಹತ್ತಿದೆ.

ಚಾದಂಗಡಿ ತುಂಬಿತ್ತು. ಪೇಂಟ್ ಅಂಗಡಿಯಾಂವ ಬೆಂಚಿನ ತುದಿಗೆ ಕುಂತು, "ಬರ್ರಿ ಮಿಸ್ತ್ರಿ, ಏನಂತೈತಿ ಸುದ್ದಿ?" ಅಂದ. ಕಾಕಾರನ್ನ ಕುಂಡರಿಸಿ, ಅಪ್ಪ ತಾ ಮಾತ್ರ ನಡುವ ನಿಂತ. ನಾಕು ಮಂದಿ ಮುಂದ ಉಪ್ಪು ಕೇಳಲಾರದಾಂವ ಪೇಪರ್ ಬಿಚ್ಚಿ, ಮಾರಿಗೆ ಅಡ್ಡ ಹಿಡದು, ಓದೇ ಬಿಟ್ಟ:

"ಅನ್ಯಧರ್ಮೀಯರೊಂದಿಗೆ ಮಗಳ ವಿವಾಹಕ್ಕೆ ವಿದ್ಯಾನಗರದ ನಿವೃತ್ತ ರೇಲ್ವೆ ಗುಮಾಸ್ತನ ವಿರೋಧ!"

ಪೇಂಟ್ ಅಂಗಡಿಯಾಂವ ಕಣ್ಣು ಕಿಸದ. "ಯಾರ್ರಿ ಅವರು?"

"ನಾನಽ ರೀ."

"ನಿಮ್ಮ ಸುದ್ದಿ ಪೇಪರ್‌ನ್ಯಾಗ ಬಂದೈತಿ?"

"ಇಲ್ರಿ. ಬಿಟ್ಟಾರ." ಅಪ್ಪ ಪೇಪರ್ ಒಂದೀಟು ಕೆಳಗ ಸರಿಸಿದ. "ನೀವು ಕೊಡತೀರೇನ್ರಿ ನಿಮ್ಮ ಮಗಳನ್ನ?"

"ಛೇ ಛೇ, ಅದು ಹೆಂಗಾಗತೈತ್ರಿ…"

"ಹಂಗಾರ ನಿಮ್ಮದೂ ಬಿಟ್ಟಾರ."

ಯಾರೂ ನಗಲಿಲ್ಲ. ಪೇಂಟ್ ಅಂಗಡಿಯಾಂವ ತನ್ನ ಚಾ ನೋಡಕೋತ ಕುಂತ. ಕಾಕಾ ಗಾಳ್ಯಾಗ ಕೈ ಆಡಿಸಿ ಹುಡಕಿ, ಅಪ್ಪನ ಅಂಗಿ ತೋಳು ಹಿಡದು ಮೆಲ್ಲಕ ಜಗ್ಗಿದ್ರು.

"ದನಿ ನಡಗಾಕತೈತಿ, ಬಾಬು. ಬಾಜೂಕ ಕುಂತು ಓದ್ರಿ. ನಾ ಕೇಳಾಕತ್ತೇನಿ."