ಹಸಿ ಬಣ್ಣದ ಮೇಲೆ ಮೂರು ಬೆರಳು

ಗೆಳೆಯರೇ, ನಮ್ಮ ಯರಗುಪ್ಪಿಯಲ್ಲಿ ಹೊಸ ಮಿಕ್ಸರಿಗೂ ವಿಭೂತಿ ಹಚ್ಚದೆ ಬಿಡುವುದಿಲ್ಲ. ಇವತ್ತು ನನ್ನ ಆಟಿಕೆ ದೋಣಿಯ ಸರದಿ. ವಾರವಿಡೀ ಉಜ್ಜಿ ನುಣುಪು ಮಾಡಿದ ಅದರ ಹೊರಮೈಗೆ ನೀಲಿ ಆಯಿಲ್ ಪೇಂಟಿನ ಕೊನೆಯ ಕೋಟ್ ಹೊಡೆದು, ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಬ್ರಶ್ ತೊಳೆದು ಬರುವಷ್ಟರಲ್ಲಿ ಪಕ್ಕದ ಮನೆಯ ಗುರಪ್ಪ ಕಾಕಾ ಮೂರು ಬೆರಳಲ್ಲಿ ಅದರ ಮೇಲೆ ವಿಭೂತಿ ಎಳೆದು, ದೋಣಿಗೆ ಕೈಮುಗಿದು ನಿಂತಿದ್ದರು.

"ಕಾಕಾ, ಬಣ್ಣ ಇನ್ನಾ ಹಸೀ ಐತ್ರಿ!"

"ಅದಕ್ಕ ನೋಡು, ವಿಭೂತಿ ಅಗದಿ ಗಟ್ಟಿ ಹಿಡದೈತಿ."

"ದೋಣಿ ಕೆಟ್ಟಹೋತಲ್ರಿ!"

"ಹುಚ್ಚ ಹಿಡದೈತೇನಲೇ? ಇನ್ನ ಇದು ಮುಳುಗೂದಿಲ್ಲ. ಮುಳುಗಿದ್ರ ಅದು ನಿನ್ನ ಕೈಗುಣ."

ಹಾಗೆಂದು ಬೆನ್ನು ತಟ್ಟಿ ಹೋದರು. ಈಗ ನನ್ನ ಬಿಳಿ ಅಂಗಿಯ ಬೆನ್ನ ಮೇಲೆ ಮೂರು ನೀಲಿ ಪಟ್ಟೆಗಳಿವೆ. ಇನ್ನು ನಾನೂ ಮುಳುಗುವುದಿಲ್ಲ.